ತುಂಗಮ್ಮನ ಮಂಗಳವಾರಗಳು

ಅತ್ತೆಗೆ ಎಲ್ಲ ಗೊತ್ತಾಗಿಹೋಗಿದೆ ಎಂಬ ಅನುಮಾನ ಗೋದಾಳಿಗೆ ಬಂದದ್ದು ಕುಡಿಯುವ ನೀರಿನ ಕೊಡ ಚರಂಡಿಯ ಪಾಲಾದ ದಿನ.

ಎಪ್ಪತ್ತೆಂಟರ ಬೇಸಿಗೆ. ಗಂಗಾನಗರದ ಆ ಬೀದಿಗೆ ದಿನ ಬಿಟ್ಟು ದಿನ, ಅದೂ ಒಂದೇ ಗಂಟೆ ನೀರು. ಹಾಗೆ ಹಿಡಿದಿಟ್ಟ ತುಂಬಿದ ಕೊಡವನ್ನು ಅತ್ತೆ ಪುಟ್ಟಲಕ್ಷ್ಮಮ್ಮ ಎರಡೂ ಕೈಯಲ್ಲಿ ಎತ್ತಿ ತಂದು ಹೊರಗೆ ಸುರಿದರು.

“ಸ್ನಾನ ಮಾಡದೆ ಮುಟ್ಟಿದ್ದೀಯಲ್ಲೇ! ಮಡಿ ಮೈಲಿಗೆ ಅನ್ನೋದು ಏನಾದ್ರೂ ಇದೆಯಾ ನಿಂಗೆ?”

ಆರು ವರ್ಷದ ಸಂಸಾರದಲ್ಲಿ ಮಡಿ ಎಂಬ ಮಾತು ಆ ಮನೆಯಲ್ಲಿ ಕಿವಿಗೆ ಬಿದ್ದದ್ದು ಅದೇ ಮೊದಲು. ಹಬ್ಬದ ದಿನವೂ ಸ್ನಾನಕ್ಕೆ ಮುಂಚೆ ಎರಡು ಲೋಟ ಕಾಫಿ ಇಳಿಸುವ ಹೆಂಗಸು ಪುಟ್ಟಲಕ್ಷ್ಮಮ್ಮ.

ಗೋದಾ ‘ಮಧುಲತಾ’ ಎಂಬ ಹೆಸರಿನಲ್ಲಿ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುತ್ತಿದ್ದಳು. ಈ ಗುಟ್ಟು ಗಂಡ ಉಪೇಂದ್ರನಿಗೆ ಮಾತ್ರ ಗೊತ್ತಿತ್ತು. “ಮನೆ ಕೆಲಸ ಕೆಡಬಾರದು. ಆಮೇಲೆ ಏನಾದ್ರೂ ಬರ್ಕೋ” ಎಂದು ಆ ಮಹಾನುಭಾವ ಧಾರಾಳವಾಗಿ ಅಪ್ಪಣೆ ಕೊಟ್ಟಿದ್ದ. ‘ಆಮೇಲೆ’ ಎಂಬುದು ದಿನದ ಯಾವ ಗಂಟೆಗೆ ಬರುತ್ತದೆ ಎಂದು ಮಾತ್ರ ಹೇಳಿರಲಿಲ್ಲ. ಹಾಗಾಗಿ ಅವಳು ಅನ್ನ ಬೇಯುವಾಗ ಒಂದು ಪ್ಯಾರಾ, ಹಾಲು ಕಾಯುವಾಗ ನಾಲ್ಕು ಸಾಲು ಸಂಭಾಷಣೆ ಬರೆಯುತ್ತಿದ್ದಳು. ಹಾಲು ಉಕ್ಕಿ ಹೋಯಿತೆಂದರೆ ಆವತ್ತು ಬರವಣಿಗೆ ಚೆನ್ನಾಗಿ ಬಂದಿದೆ ಎಂದೇ ಅರ್ಥ.

ಕಥೆಗೊಬ್ಬಳು ಅತ್ತೆ ಬೇಕಿತ್ತು. ಹೊಸಬಳನ್ನು ಕಲ್ಪಿಸಿಕೊಳ್ಳಲು ಪುರುಸೊತ್ತೆಲ್ಲಿ? ಮನೆಯಲ್ಲಿದ್ದವರನ್ನೇ ನಶ್ಯದ ಡಬ್ಬಿ, ಕೆಮ್ಮಿನ ಸಮೇತ ಎತ್ತಿಕೊಂಡು ತುಂಗಮ್ಮ ಎಂದು ಹೆಸರಿಟ್ಟಳು. ತೊಂದರೆ ಆದದ್ದು ಅಲ್ಲೇ. ಪುಟ್ಟಲಕ್ಷ್ಮಮ್ಮ ಸಾಧು, ತುಂಗಮ್ಮನೂ ಸಾಧುವಾಗಿಬಿಟ್ಟಳು. ಸಂಪಾದಕರ ಕಾರ್ಡು ಬಂತು: ‘ಅತ್ತೆಯ ಪಾತ್ರ ಸಪ್ಪೆ. ಒಂದು ತಿಂಗಳಲ್ಲಿ ಕಳೆಗಟ್ಟದಿದ್ದರೆ ಧಾರಾವಾಹಿ ನಿಲ್ಲಿಸಬೇಕಾದೀತು.’

ಅಂಚೆಯವನ ಕೈಯಿಂದ ಕಾರ್ಡು ಇಸಿದುಕೊಂಡು ತಂದುಕೊಟ್ಟವರು ಪುಟ್ಟಲಕ್ಷ್ಮಮ್ಮ. “ಯಾರದೋ ನೋಡೇ. ಕಣ್ಣಿಗೆ ಪೊರೆ ಬಂದ ಮೇಲೆ ನಂಗೆ ಅಕ್ಷರ ಎಲ್ಲಾ ಕಲಸಿಹೋಗತ್ತೆ.”

ಗೋದಾ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಆ ಮನೆಯಲ್ಲಿ ತನ್ನದು ಎಂದು ಅವಳಿಗಿದ್ದದ್ದು ಆ ಧಾರಾವಾಹಿ ಒಂದೇ.

ಅಲ್ಲಿಂದ ಶುರುವಾಯಿತು ಗ್ರಹಚಾರ. ಮರು ಮಂಗಳವಾರ, ಉಪೇಂದ್ರ ಆಫೀಸಿಗೆ ಹೋದ ಮೇಲೆ, ಅತ್ತೆ ಹುಳಿಯ ಪಾತ್ರೆ ಎತ್ತಿ ನುಗ್ಗೆಮರದ ಬುಡಕ್ಕೆ ಸುರಿದರು. ಅದರ ಮುಂದಿನ ಮಂಗಳವಾರ ರೇಷ್ಮೆ ಸೀರೆ ಕಾಣೆಯಾಗಿದೆಯೆಂದು ಸೊಸೆಯ ಟ್ರಂಕು ಜಾಲಾಡಿದರು. ಮೂರನೆಯ ವಾರ ಈ ನೀರು. ಮಗನೆದುರು ಮಾತ್ರ ಬೆಣ್ಣೆಯಂಥ ಮಾತು. ಜಗಳ ಮುಗಿದದ್ದೇ ತಡ, ಮೂರು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಪಕ್ಕದ ಬೀದಿಯ ಕೃಷ್ಣಮ್ಮನ ಮನೆಗೆ ಹೊರಟರೆ ಬರುವುದು ಸಂಜೆ ಐದಕ್ಕೆ. ತನ್ನ ಮೇಲೆ ಚಾಡಿ ಹೇಳುವುದಕ್ಕೇ ಇರಬೇಕು ಎಂದುಕೊಂಡಳು ಗೋದಾ.

“ನಾನಿಲ್ದಿದ್ರೆ ನಿನ್ನ ಗತಿ ಏನಾಗ್ತಿತ್ತೋ!” ಹೊಸ್ತಿಲು ದಾಟುವಾಗ ಒಂದು ಚುಚ್ಚುಮಾತು ಬೇರೆ.

ಗೋದಾ ಅಳುತ್ತಾ ಕೂರುವಳು. ಅಳುತ್ತಲೇ ಬರೆಯುವಳು. ಮನೆ ಖಾಲಿ, ಹೊಟ್ಟೆಯಲ್ಲಿ ಬೆಂಕಿ. ಒಂದು ಕಂತು ಒಂದೇ ಉಸಿರಿಗೆ ಮುಗಿಯುತ್ತಿತ್ತು. ಬುಧವಾರ ಅದು ಅಂಚೆಪೆಟ್ಟಿಗೆಗೆ. ತುಂಗಮ್ಮ ನೋಡನೋಡುತ್ತಿದ್ದಂತೆ ಮಹಾಮಾರಿಯಾದಳು. ಆರ್.ಟಿ. ನಗರದ ಬಸ್‌ಸ್ಟಾಪಿನಲ್ಲಿ ಹೆಂಗಸರು ಅವಳಿಗೆ ಹಿಡಿಶಾಪ ಹಾಕುವುದನ್ನು ಗೋದಾ ಕಿವಿಯಾರೆ ಕೇಳಿದಳು. ಸಂಪಾದಕರು ಬರೆದರು: ‘ಅಮೋಘ! ಹೀಗೇ ಸಾಗಲಿ.’

ಫಜೀತಿ ಇದ್ದದ್ದು ಶುಕ್ರವಾರ. ಪತ್ರಿಕೆ ಬಂದ ದಿನ ಅತ್ತೆಗೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಗೋದಾ ಅಲ್ಲಲ್ಲಿ ಬದಲಾಯಿಸಿ ಓದುತ್ತಿದ್ದಳು. ನೀರಿನ ಕೊಡದ ಕಂತು ಅಚ್ಚಾಗಿ ಬಂದಾಗ ನೀರನ್ನು ಹಾಲು ಮಾಡಿದಳು.

“ತುಂಗಮ್ಮ ಹಾಲು ಚೆಲ್ಲಿದಳಾ?” ಪುಟ್ಟಲಕ್ಷ್ಮಮ್ಮ ನಶ್ಯ ಏರಿಸಿ ಕೇಳಿದರು. “ಅಷ್ಟು ದಡ್ಡಿ ಅಲ್ಲ ಬಿಡು ಅವಳು. ನೀರು ಅಂದಿದ್ರೆ ನಂಬ್ತಿದ್ದೆ.”

ಇನ್ನು ಅನುಮಾನವೇ ಉಳಿಯಲಿಲ್ಲ. ತುಂಗಮ್ಮ ಯಾರೆಂದು ಇವರಿಗೆ ತಿಳಿದಿದೆ. ಕಥೆಯಲ್ಲಿ ತಮ್ಮ ಮಾನ ಕಳೆದದ್ದಕ್ಕೆ ಮನೆಯಲ್ಲಿ ಸೇಡು ತೀರಿಸಿಕೊಳ್ಳುತ್ತಿದ್ದಾರೆ.

ಗಂಡನ ಹತ್ತಿರ ಹೇಳಿಕೊಂಡಳು. ಅವನು ನಕ್ಕುಬಿಟ್ಟ. “ನಮ್ಮಮ್ಮನಾ? ಹೋಗೇ! ಬರೆದೂ ಬರೆದೂ ನಿಂಗೆ ಎಲ್ಲಾ ಕಥೆ ಥರಾನೇ ಕಾಣ್ತಿದೆ.”

ಇನ್ನೂ ಎರಡು ಮಂಗಳವಾರ ಸಹಿಸಿದಳು. ಮೂರನೆಯದಕ್ಕೆ ಸೋತಳು. ಸಂಸಾರ ಬೇಕೋ, ಧಾರಾವಾಹಿ ಬೇಕೋ? ಸಂಸಾರವನ್ನು ಆರಿಸಿಕೊಂಡಳು. ಕೊನೆಯ ಕಂತು ಬರೆದಳು. ಜ್ವರದಲ್ಲಿ ಮಲಗಿದ ಸೊಸೆಯ ತಲೆಯನ್ನು ತುಂಗಮ್ಮ ತೊಡೆಯ ಮೇಲಿಟ್ಟುಕೊಂಡು ತಪ್ಪಾಯಿತೆಂದು ಅಳುತ್ತಾಳೆ. ಬರೆದವಳಿಗೇ ನಂಬಿಕೆ ಬರಲಿಲ್ಲ. ಮುಗಿಸುವುದು ಬೇಡವೆಂದು ಸಂಪಾದಕರು ಎರಡು ಕಾರ್ಡು ಬರೆದು ಅಂಗಲಾಚಿದರು. ಅವಳು ಜಗ್ಗಲಿಲ್ಲ.

ಅದು ಅಚ್ಚಾಗಿ ಬಂದ ಶುಕ್ರವಾರ ಒಂದಕ್ಷರವನ್ನೂ ಬದಲಾಯಿಸದೆ ಓದಿದಳು. ಇಷ್ಟು ಕೇಳಿದ ಮೇಲಾದರೂ ಅತ್ತೆಯ ಮನಸ್ಸು ಕರಗೀತು ಎಂಬ ಆಸೆ.

“ಮುಂದಿನ ವಾರ?” ಪುಟ್ಟಲಕ್ಷ್ಮಮ್ಮ ಕೇಳಿದರು.

“ಇಲ್ಲ ಅತ್ತೆ. ಮುಗೀತು. ತುಂಗಮ್ಮ ಒಳ್ಳೆಯವಳಾದಳಲ್ಲ.”

ಪುಟ್ಟಲಕ್ಷ್ಮಮ್ಮ ಹಣೆ ಚಚ್ಚಿಕೊಂಡರು. “ನನ್ನನ್ನ ಒಂದು ಮಾತು ಕೇಳದೆ ಮುಗಿಸೋದೇನೇ? ಇನ್ನೂ ನಾಲ್ಕು ಕಂತಿಗಾಗೋಷ್ಟು ಜಗಳ ಯೋಚ್ನೆ ಮಾಡಿಟ್ಟಿದ್ದೆ ಕಣೇ!”