ತೊಟ್ಟಿಗೆ ಬಿದ್ದ ಪಾನಕ

ಬಳ್ಳಾರಿಯ ಜೀನ್ಸ್ ಓಣಿಗಳಲ್ಲಿ ಈಗ ಬಣ್ಣದ ನೀರನ್ನು ಯಾರೂ ಚರಂಡಿಗೆ ಬಿಡುವುದಿಲ್ಲ. ಓಣಿಗೊಂದು ತೊಟ್ಟಿ, ತೊಟ್ಟಿಯ ತುಂಬ ನೀಲಿ ತಿನ್ನುವ ಜೀವಾಣುಗಳು. ಹಸಿದರೆ ಮಾತ್ರ ಅವು ನೀಲಿಗೆ ಬಾಗಿಲು ತೆರೆಯುತ್ತವೆ. ಅದಕ್ಕೇ ಪರೀಕ್ಷೆಯ ಹಿಂದಿನ ದಿನ ತೊಟ್ಟಿಗೆ ಉಪವಾಸ. ತೊಟ್ಟಿ ನೋಡಿಕೊಳ್ಳುವ ಸುಮಂಗಳಾ ಕೂಡ ಅದರ ಜೊತೆ ಏನೂ ತಿಂದಿರಲಿಲ್ಲ.

ಪರೀಕ್ಷೆಗೆಂದು ತಳದಲ್ಲಿಟ್ಟ, ತೊಟ್ಟಿ ನೋಡಿಕೊಳ್ಳುವವರ ಮನೆಯ ಸ್ಟೀಲ್ ತಟ್ಟೆಯ ಮೇಲೆ ಕೊರೆಸಿದ ಹೆಸರು ಯಾವ ಓಣಿಯಲ್ಲಿ ಮೊದಲು ಕಾಣುತ್ತದೋ, ಬೇಸಿಗೆಯೆಲ್ಲ ಕುಡಿಯುವ ನೀರು ಮೊದಲು ಆ ಓಣಿಗೆ. ಪರೀಕ್ಷೆಯ ದಿನ ಮಧ್ಯಾಹ್ನವಾದರೂ ಸುಮಂಗಳಾಳ ತೊಟ್ಟಿಯ ನೀರು ಕಡುನೀಲಿ. ಪಕ್ಕದ ಓಣಿಯದು ಆಗಲೇ ತೆಳುನೀಲಿಯಾಗಿತ್ತು.

“ಅತ್ತಿ, ತೊಟ್ಟಿಗೇನಾರ ಹಾಕೀರೇನು?”

“ಹಬ್ಬದ ದಿನ ಅವೊಂದೇ ಹಸ್ಕೊಂಡಿರಬೇಕೇನು? ಮುಂಜಾನೆ ಒಂದು ಕೊಡ ಪಾನಕ ಹೊಯ್ದೆ,” ಎಂದಳು ಅತ್ತೆ ಹುಲಿಗೆಮ್ಮ.

ಬೆಲ್ಲ ಇರುವ ತನಕ ಅವು ನೀಲಿಯನ್ನು ಮೂಸಿಯೂ ನೋಡವು. ಸುಮಂಗಳಾ ಕಟ್ಟೆ ಹಿಡಿದು, ಕಣ್ಣು ಮಿಟುಕಿಸದೆ ನಿಂತಳು.

ಒಮ್ಮೆಲೇ ನೀಲಿಯ ನಡುವೆ ಅಂಗೈಯಗಲ ತಿಳಿನೀರು ಕಂಡಿತು. ನೋಡನೋಡುತ್ತಲೇ ಕಟ್ಟೆಯವರೆಗೂ ಹರಡಿತು. ಬೆಲ್ಲ ತಿಂದು ಹತ್ತು ಪಟ್ಟು ಬೆಳೆದಿದ್ದ ಜೀವಾಣುಗಳು, ಅದು ಮುಗಿದದ್ದೇ ತಡ, ಒಟ್ಟಿಗೇ ಬಾಗಿಲು ತೆರೆದಿದ್ದವು.

“ಖಾಜಾ ಅಣ್ಣಾ, ಲಗೂನ ಬರ್ರಿ ಇಲ್ಲಿ!”

ನೀರು ಪರೀಕ್ಷಿಸುವ ಖಾಜಾಸಾಬ್ ಪಕ್ಕದ ಓಣಿಯಿಂದ ಓಡಿ ಬಂದ. ತೊಟ್ಟಿಯೊಳಗೆ ಬಗ್ಗಿ, ಎಲ್ಲರಿಗೂ ಕೇಳುವಂತೆ ಓದಿದ: “ಹುಲಿಗೆಮ್ಮ.”

ಹೆಸರಿನೊಡತಿ ಸೊಸೆಯ ರಟ್ಟೆ ಹಿಡಿದಳು. “ಅವು ಉಂಡ್ವು. ಇನ್ನ ನೀ ಬಂದು ಉಣ್ಣು.”