ಅಳಿಯನಿಗೆ ಕೊಟ್ಟ ಉಸಿರು

ಗುರವ್ವ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಮೂರನೆಯ ರೆಗ್ಯುಲೇಟರನ್ನೂ ಬಾಯಿಗಿಟ್ಟುಕೊಂಡು ಉಸಿರೆಳೆದಳು. ತುಸು ಬಿಗಿ ಅನಿಸಿತು. ತೆಗೆದು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು.

"ಅಕ್ಕಾರ, ನೀರಾಗ ಮುಳುಗವ್ರು ನಿಮ್ಮ ಅಳಿಯಂದ್ರೋ ನೀವೋ?" ಎಂದ ದಾವೂದಸಾಬ. ಇಪ್ಪತ್ತು ವರ್ಷ ಕಾರವಾರದ ಸಮುದ್ರದಲ್ಲಿ ಮುಳುಗಿ, ಈಗ ನವಲಗುಂದದಲ್ಲಿ ಮುಳುಗುವವರ ಸಾಮಾನು ರಿಪೇರಿ ಮಾಡಿ ಮಾರುವವನು.

"ಕೊಡೂ ವಸ್ತು ಪರೀಕ್ಷಾ ಮಾಡಿ ಕೊಡಬೇಕ್ರಿ. ಮಗಳನ್ನ ಕೊಡುವಾಗ ಮಾಡಲಿಲ್ಲ."

ದಾವೂದಸಾಬನ ನಗೆ ನಿಂತಿತು. ಗುರವ್ವನ ಮಗಳು ಸುನೀತಾಳ ಸುದ್ದಿ ಅವನಿಗೂ ಗೊತ್ತಿತ್ತು. ಮದುವೆಯಾಗಿ ನಾಲ್ಕು ವರ್ಷ, ಎರಡು ಸಲ ಕೈ ಮುರಿದಿತ್ತು. ಠಾಣೆಯಲ್ಲಿ ಕೇಳಿದರೆ ಗಂಡ ಪ್ರಭುವಿನ ಮುಖ ನೋಡಿ "ಜಾರಿ ಬಿದ್ದೆ" ಅಂದಿದ್ದಳು. ಮೂರು ಪಂಚಮಿ ಕಳೆದರೂ ಅವನು ಹೆಂಡತಿಯನ್ನು ತವರಿಗೆ ಕಳಿಸಿರಲಿಲ್ಲ. ಹೊರಗೆ ಹೋಗುವಾಗ ಬಾಗಿಲಿಗೆ ಕೀಲಿ, ಬಾಗಿಲ ಮೇಲೆ ಅವನ ಮೊಬೈಲಿನಲ್ಲಿ ಎಲ್ಲ ತೋರಿಸುವ ಕ್ಯಾಮೆರಾ. ಹೋದ ವರ್ಷ ಗುರವ್ವನ ತಮ್ಮ ಶಂಕ್ರಪ್ಪ ಕರೆಯಲು ಹೋಗಿ ಚಿಲಕ ಮುಟ್ಟುವಷ್ಟರಲ್ಲೇ ಹುಬ್ಬಳ್ಳಿಯಿಂದ ಪ್ರಭುವಿನ ಫೋನು ಬಂದಿತ್ತು. ಆ ಸಂಜೆಯೇ ಸುನೀತಾಳ ಕೈ ಎರಡನೆಯ ಸಲ ಮುರಿದದ್ದು.

ದಾವೂದಸಾಬ ಒಂದನ್ನು ಮುಂದಕ್ಕೆ ತಳ್ಳಿದ. "ಇದು ಅಗ್ಗದ್ದು. ಅರವತ್ತು ಅಡಿತನಕ ಅಡ್ಡಿಯಿಲ್ಲ. ಇನ್ನೂ ಕೆಳಗ ಹೋದ್ರ ಉಸಿರು ಜಗ್ಗಿ ಜಗ್ಗಿ ತಗೋಬೇಕು. ರಾಡಿ ಹೊಕ್ತಂದ್ರ ಗಾಳಿ ಸುಮ್ನ ಸೋರತೈತಿ."

"ಮತ್ತ ಅದು?"

"ಇದು ಆಳದ ಕೆಲಸದ್ದು. ನೂರೈವತ್ತು ಅಡಿಯೊಳಗೂ ಕಟ್ಟಿ ಮ್ಯಾಲೆ ಕುಂತಂಗ ಉಸಿರಾಡಬಹುದು. ರಾಡಿ ಹೋಗದಂಗ ಮುಚ್ಚೇತಿ. ಇಂಥಾವು ಎರಡು ಬೇಕು, ಎರಡು ಸಿಲಿಂಡರಿಗೆ ಬ್ಯಾರೆ ಬ್ಯಾರೆ. ಒಂದು ಕೈಕೊಟ್ರ ಇನ್ನೊಂದು."

"ಎಷ್ಟೊತ್ತು ಕೆಳಗ ಇರಬಹುದ್ರಿ?"

"ಇದ್ದಷ್ಟೂ ಏಳೂದು ತಡ. ನೂರಾ ನಲವತ್ತು ಅಡಿಯೊಳಗ ಅರ್ಧ ತಾಸು ಕಳದ್ರ, ಹಗ್ಗ ಹಿಡಕೊಂಡು ನಡುನಡುವ ನಿಂತು, ಒಂದು ತಾಸಿಗೆ ಮ್ಯಾಲೆ ಬರಬೇಕು."

"ಒಮ್ಮಿಗೇ ಬಂದ್ರ?"

"ಸೋಡಾ ಬಾಟ್ಲಿ ಬಿಚ್ಚಿದಂಗ ರಕ್ತದಾಗ ನೊರಿ ಏಳತೈತ್ರಿ. ಕೈಕಾಲು ಬೀಳ್ತಾವು. ಜೀವಾನೂ ಹೋಗಬಹುದು."

ಗುರವ್ವ ಆಳದ ಕೆಲಸದ ರೆಗ್ಯುಲೇಟರನ್ನು ಕೈಗೆತ್ತಿಕೊಂಡಳು. "ಇದು ಅವರಿಗೂ ಗೊತ್ತೈತೇನ್ರಿ?"

"ಮುಳುಗವ್ರಿಗೆ ಅದ ಮೊದಲನೇ ಪಾಠ." ದಾವೂದಸಾಬ ದನಿ ತಗ್ಗಿಸಿದ. "ಅಕ್ಕಾರ, ನನ್ನ ಸಾಮಾನಿಂದ ಹೆಣ ಬೀಳಬಾರದು ನೋಡ್ರಿ."

"ನಿಮ್ಮ ಸಾಮಾನಿಂದ ಬೀಳೂದಿಲ್ಲ, ತಮ್ಮಾ."

ಕೊರಳ ಬಂಗಾರದ ಬೋರಮಾಳ ಮಾರಿ ಆಕೆ ಆಳದ ಕೆಲಸದ ಎರಡನ್ನೂ ಒಯ್ದಳು.

ಪ್ರಭು ಹಿಗ್ಗಿದ. ಕಲಘಟಗಿ ಬಾಜೂಕಿನ ಹಾಳು ಕಲ್ಲಿನ ಕ್ವಾರಿಯಲ್ಲಿ ನೂರಾ ನಲವತ್ತು ಅಡಿ ನೀರಿನ ತಳಕ್ಕೆ ಜೆಸಿಬಿ ಮುಳುಗಿ ಕೂತಿತ್ತು. ಕ್ರೇನ್ ಬರುವ ಮೊದಲು ಅದಕ್ಕೆ ಸರಪಳಿ ಬಿಗಿಯುವ ಕೆಲಸ ಅವನದು. ಹಳೆಯ ರೆಗ್ಯುಲೇಟರ್ ಅಷ್ಟು ಆಳಕ್ಕೆ ನಡೆಯುತ್ತಿರಲಿಲ್ಲ.

"ಈಗ ಬುದ್ಧಿ ಬಂತು ನೋಡ್ರಿ ಅತ್ತಿ, ನಿಮಗ."

"ಈ ಪಂಚಮಿಗರ ಸುನೀತಾನ್ನ ಕಳಸ್ರಿ, ಅಳಿಯಂದ್ರ."

"ಎರಡು ರಬ್ಬರ್ ನಳಿಗಿ ಕೊಟ್ರಂತ ಹೆಂಡ್ತಿ ಬಿಡಬೇಕೇನು?"

ಗುರವ್ವ ದಂಡೆಯಲ್ಲಿ ನಿಂತು ಹಗ್ಗ ಹಿಡಿಯಲು ತಾನೇ ಬರುತ್ತೇನೆಂದಳು. ಪುಕ್ಕಟೆ ಆಳು ಸಿಕ್ಕಿತೆಂದು ಅವನು ಒಪ್ಪಿದ.

ಪಂಚಮಿಗೆ ಎರಡು ದಿನವಿತ್ತು. ಕ್ವಾರಿಯ ದಂಡೆಯಲ್ಲಿ ಪ್ರಭು ಕೊನೆಯ ಸಲ ಮೊಬೈಲು ನೋಡಿದ. ಅದನ್ನು ಅಂಗಿಯಲ್ಲಿ ಸುತ್ತಿ ಬಂಡೆಯ ಮೇಲಿಟ್ಟ. ಎರಡು ಸಿಲಿಂಡರ್ ಬೆನ್ನಿಗೇರಿಸಿ ಅತ್ತೆಯ ಕಡೆ ತಿರುಗಿದ.

"ಮೂರು ಸಲ ಜಗ್ಗಿದ್ರ ಅಪಾಯ ಐತಿ, ಎಲ್ಲಾ ಬಿಟ್ಟು ಮ್ಯಾಲೆ ಬಾ ಅಂತ ಅರ್ಥ. ಮುದುಕಿ ಕೈ ನಡುಗಿ ಜಗ್ಗೀರಿ ಮತ್ತ."

"ನನ್ನ ಕೈ ನಡುಗೂದಿಲ್ರಿ."

ಅವನು ಮುಳುಗಿದ. ಗುಳ್ಳೆಗಳು ಸಣ್ಣಗಾದವು. ಜಾಲಿಯ ಮರೆಯಿಂದ ಶಂಕ್ರಪ್ಪ ಬಂದು ಅಕ್ಕನ ಪಕ್ಕ ಒಂದು ಗಳಿಗೆ ನಿಂತ.

"ಅಕ್ಕಾ, ಇನ್ನೊಮ್ಮೆ ವಿಚಾರ ಮಾಡು. ಸಿಕ್ರ ಇಬ್ರನ್ನೂ ಬಿಡೂದಿಲ್ಲ."

"ನಾಲ್ಕು ವರ್ಷ ವಿಚಾರಾನ ಮಾಡೇನಿ. ನೀ ಹೋಗು."

ಬೈಕಿನ ಸದ್ದು ದೂರವಾಯಿತು. ದಂಡೆಯ ಮೇಲೆ ಇನ್ನು ಯಾರೂ ಇರಲಿಲ್ಲ.

ಅರ್ಧ ತಾಸು ಕಳೆಯಿತು. ಗುಳ್ಳೆಗಳು ದಪ್ಪವಾಗುತ್ತ ಹಗ್ಗದ ಬುಡಕ್ಕೆ ಬಂದು ಒಂದೇ ಕಡೆ ಏಳತೊಡಗಿದವು. ಪ್ರಭು ಈಗ ಮೇಲೇರುವ ದಾರಿಯ ನಡುವೆ ಹಗ್ಗ ಹಿಡಿದು ನಿಂತಿದ್ದ. ಬಗ್ಗಿ ನೋಡಿದರೆ ಹಸಿರು ನೀರಿನಲ್ಲಿ ಅವನ ನೆರಳು ಕಾಣುತ್ತಿತ್ತು. ಗುರವ್ವ ಹಗ್ಗವನ್ನು ಅಂಗೈಗೆ ಸುತ್ತಿಕೊಂಡಳು. ಪ್ಲಾಸ್ಟರಿನೊಳಗೆ ಬಿಳಿಚಿದ ಮಗಳ ಬೆರಳುಗಳು ಕಣ್ಣಿಗೆ ಕಟ್ಟಿದವು. ಮೂರು ಸಲ ಜಗ್ಗಿದರೆ ಸಾಕಿತ್ತು. ಯಾರು ಕೇಳುತ್ತಾರೆ, ಮುದುಕಿ ಕೈ.

ಸೊಂಟದ ಚೀಲದಲ್ಲಿ ಫೋನು ಗುಂಯ್ಗುಟ್ಟಿತು. ಶಂಕ್ರಪ್ಪನ ದನಿ: "ಆತು."

ಗುರವ್ವ ಹಗ್ಗದ ತುದಿಯನ್ನು ಬಂಡೆಗೆ ಭದ್ರವಾಗಿ ಬಿಗಿದಳು. ಪ್ರಭುವಿನ ಚೀಲದಿಂದ ನೀರೊಳಗೆ ಬರೆಯುವ ಪಾಟಿ ತೆಗೆದು, ನಿಧಾನವಾಗಿ, ದುಂಡಗೆ ಬರೆದಳು. ಅದಕ್ಕೊಂದು ಕಲ್ಲು ಕಟ್ಟಿ, ಹಗ್ಗಕ್ಕೆ ಸಿಕ್ಕಿಸಿ ಕೆಳಗೆ ಜಾರಿಬಿಟ್ಟಳು. ಗುಳ್ಳೆಗಳು ಒಮ್ಮೆ ನಿಂತವು. ಆಮೇಲೆ ಹುಚ್ಚೆದ್ದಂತೆ ಕುದಿಯತೊಡಗಿದವು. ಆದರೆ ನಿಂತ ಜಾಗ ಬಿಟ್ಟು ಮೇಲೇರಲಿಲ್ಲ. ಪಾಟಿಯ ಮೇಲೆ ಇಷ್ಟೇ ಇತ್ತು:

"ಅಳಿಯಂದ್ರ, ನಿಮ್ಮ ಅಂಗಿಯಾಗಿನ ಕೀಲಿಕೈಲೆ ಬಾಗಿಲಾ ತಗದು ಸುನೀತಾನ್ನ ಪಂಚಮಿಗೆ ಕರಕೊಂಡು ಹೊಂಟೇವಿ. ನೀವು ಅವಸರ ಮಾಡಬ್ಯಾಡ್ರಿ, ಸಾವಕಾಶ ಬರ್ರಿ."