ಕಿಟಕಿಯಲ್ಲಿ ಕೂತವರು

ಬಾಗಿಲು ಬಡಿದ ಸದ್ದಿಗೇ ಡಾರ್ಕಸ್ ವಿಂಟರ್‌ಬೋರ್ನ್‌ಗೆ ಗೊತ್ತಾಯಿತು, ಬಂದವನು ಈ ಊರಿನವನಲ್ಲ. ಹೋಲ್ಮಿನ್‌ಸ್ಟರ್‌ನಲ್ಲಿ ಯಾರೂ ಹೀಗೆ ಬಾಗಿಲು ಗುದ್ದುವುದಿಲ್ಲ. ಹೊರಗೆ ನಿಂತು ಮೆಲ್ಲಗೆ ಕೆಮ್ಮುತ್ತಾರೆ. ಒಳಗಿನವರು ಕೇಳಿಸದಂತೆ ಕೂತರೆ, ತಾವು ಬಂದೇ ಇಲ್ಲವೆಂಬಂತೆ ಹೊರಟುಹೋಗುತ್ತಾರೆ.

ಅವಳು ಗಂಡನ ಹೆಗಲ ಮೇಲಿನ ಧೂಳು ಕೊಡವಿದಳು. ಅವರ ಕುರ್ಚಿಯನ್ನು ಕಿಟಕಿಯತ್ತ ಇನ್ನೊಂದಿಷ್ಟು ತಿರುಗಿಸಿ, ಮೊಣಕಾಲ ಮೇಲಿನ ಕಂಬಳಿ ಸರಿಪಡಿಸಿ, ಬಾಗಿಲಿಗೆ ಹೋದಳು.

ಕಾಲಿನ್ ಪೆಗ್ ನಿಂತಿದ್ದ. ಕೆಥೆಡ್ರಲ್ ಅಂಗಳದ ಮನೆಗಳನ್ನು ನೋಡಿಕೊಳ್ಳಲು ಹೊಸದಾಗಿ ಬಂದವನು. ಮೊದಲು ಎಲ್ಲೋ ಫ್ರಿಜ್ಜುಗಳ ಗೋದಾಮು ನೋಡಿಕೊಳ್ಳುತ್ತಿದ್ದನಂತೆ. ಬೂಟು ನೋಡಿದರೇ ತಿಳಿಯುತ್ತಿತ್ತು.

"ಮೇಡಂ, ಯಜಮಾನರನ್ನ ಒಂದ್ನಿಮಿಷ ನೋಡಬಹುದಾ?"

"ನೋಡಿ. ನೋಡೋದಕ್ಕೇನು ಅಡ್ಡಿ?"

ಅರೆತೆರೆದ ಬಾಗಿಲಿನಾಚೆ ಪಾದ್ರಿ ಲಯನೆಲ್ ಅವರ ಬೆನ್ನು ಕಾಣುತ್ತಿತ್ತು. ಕಪ್ಪು ಕೋಟು, ಬಿಳಿ ಕೂದಲು, ತೊಡೆಯ ಮೇಲೆ ನಿದ್ದೆಹೋದ ಬೆಕ್ಕು. ಪೆಗ್ ಮೂಗು ಸೊಟ್ಟ ಮಾಡಿದ.

"ನುಸಿಗುಳಿಗೆ ವಾಸನೆ."

"ಹಳೇ ಮನೆ," ಎಂದಳು ಡಾರ್ಕಸ್. ಅಷ್ಟರಲ್ಲಿ ಸಂಜೆಯ ಪ್ರಾರ್ಥನೆಯ ಗಂಟೆ ಶುರುವಾಯಿತು. "ಇನ್ನು ಮಾತಾಡೋ ಹಾಗಿಲ್ಲ. ಗಂಟೆ ಬಿದ್ಮೇಲೆ ಪ್ರಾರ್ಥನೆ ಮುಗಿಯೋವರೆಗೆ ನಮ್ಮ ಪಾದ್ರಿಗಳು ಬಾಯಿ ಬಿಡಲ್ಲ. ಐನೂರು ವರ್ಷದ ಸಂಪ್ರದಾಯ. ನಿಮ್ಮ ಗೋದಾಮಿನಲ್ಲಿ ಇರ್ಲಿಲ್ವೇನೋ."

"ಬೆಳಗ್ಗೆ ಬಂದ್ರೆ ಮಲಗಿದಾರೆ ಅಂದ್ರಿ. ಮೊನ್ನೆ ನೆಗಡಿ ಅಂದ್ರಿ."

"ವಯಸ್ಸಾದವರು. ಮಲಗ್ತಾರೆ, ನೆಗಡಿ ಆಗುತ್ತೆ. ಫ್ರಿಜ್ಜುಗಳಿಗೆ ಆಗಲ್ಲ, ಒಪ್ಕೋತೀನಿ."

ಪೆಗ್ ನಗಲಿಲ್ಲ. "ನಿವೃತ್ತ ಪಾದ್ರಿ ವಾಸ ಇರೋವರೆಗೆ ಮಾತ್ರ ಈ ಮನೆ ನಿಮ್ಮದು. ಇಲ್ಲ ಅಂದ್ರೆ ಕ್ರಿಸ್‌ಮಸ್‌ಗೆ ಮುಂಚೆ ಖಾಲಿ ಮಾಡಬೇಕು. ಅದೂ ಐನೂರು ವರ್ಷದ್ದೇ. ನಾಳೆ ಬೆಳಗ್ಗೆ ಸಭಾಮನೆಗೆ ಅವರೇ ಬರಲಿ."

"ಆಗದಿದ್ರೆ?"

"ಎದುರುಮನೆ ಹಿರಿಯ ಪಾದ್ರಿ ಥ್ರೇಲ್ ಬಂದು, ಈ ವಾರ ನಾನು ಇವರ ಜೊತೆ ಮಾತಾಡಿದೀನಿ ಅಂದ್ರೂ ಸಾಕು. ಈಗ ಅಲ್ಲಿಂದಲೇ ಬಂದೆ. ಸ್ನಾನ ಮಾಡ್ತಿದಾರಂತೆ."

ಅವನು ಹೋದಮೇಲೆ ಡಾರ್ಕಸ್ ತನ್ನ ಚಹಾ ಕುಡಿದಳು. ಆಮೇಲೆ ಲಯನೆಲ್‌ಗೆಂದು ಇಟ್ಟಿದ್ದ ಚಹಾವನ್ನೂ ಕುಡಿದಳು. ತಣ್ಣಗಾಗಿತ್ತು.

ಈ ಊರನ್ನು ಕಂಡರೆ ಅವಳಿಗೆ ಅಸಹ್ಯ. ಸಂತೆಯಷ್ಟು ದೊಡ್ಡದೂ ಇಲ್ಲ, ಕೆಥೆಡ್ರಲ್ ಇದೆಯೆಂದು ತನ್ನನ್ನು ನಗರ ಎಂದು ಕರೆದುಕೊಳ್ಳುತ್ತದೆ. ಚಹಾದಂಗಡಿಗೆ ರಾಜರ ಕಾಲದ ಅಕ್ಷರಗಳ ಹಲಗೆ. ಹಲಗೆ ಹೋದ ವರ್ಷದ್ದು. ಅಂಗಳದ ಕಿಟಕಿಗಳ ಗಾಜು ಪುರಾತನವಾದದ್ದು, ಬದಲಿಸಿದರೆ ದಂಡ. ಅದರಾಚೆ ಯಾರ ಮುಖವೂ ನೀರಿನಲ್ಲಿ ಮುಳುಗಿದಂತೆ ಕಾಣುತ್ತದೆ. ಅದಕ್ಕೆ ಪರಂಪರೆ ಎಂದು ಹೆಸರು. ಈಸ್ಟರ್ ಹೊತ್ತಿಗೆ ಪೆಟುಲಾ ಎಂಬಾಕೆ ಊರು ಬಿಟ್ಟು ಪೋರ್ಚುಗಲ್‌ಗೆ ಹೋದಾಗ, ಇನ್ನು ಕೆಥೆಡ್ರಲ್ಲಿಗೆ ಹೂ ಜೋಡಿಸುವವರು ಯಾರು ಎಂದು ತಿಂಗಳುಗಟ್ಟಲೆ ಗೋಳಾಡಿದರು. ಬೇರೇನೂ ಅವರ ಕಣ್ಣಿಗೆ ಬೀಳಲಿಲ್ಲ.

ಸಂಜೆ ಗಂಟೆಯಾದಾಗ ಅಂಗಳ ದಾಟುವವರು ಕಿಟಕಿಯಲ್ಲಿ ಕೂತ ಪಾದ್ರಿಗಳಿಗೆ ಟೋಪಿ ಎತ್ತುವುದು ರೂಢಿ. ಲಯನೆಲ್‌ಗೂ ದಿನಾ ಎತ್ತುತ್ತಿದ್ದರು. ಅವರು ಮರುವಂದನೆ ಮಾಡುತ್ತಿರಲಿಲ್ಲ, ಪ್ರಾರ್ಥನೆಯ ಹೊತ್ತಲ್ಲವೇ. ಏಕೆ, ಹೇಗಿದ್ದೀರಿ ಎಂದು ಒಬ್ಬನೂ ಬಾಗಿಲು ತಟ್ಟಿ ಕೇಳಲಿಲ್ಲ. ಕೇಳುವುದು ಅಸಭ್ಯ.

"ಕುರಿಗಳು," ಎಂದು ಡಾರ್ಕಸ್ ಪರದೆಯ ಹಿಂದೆ ನಿಂತು ಗೊಣಗುತ್ತಿದ್ದಳು. ಲಯನೆಲ್ ಎದುರಾಡುತ್ತಿರಲಿಲ್ಲ. ಈಸ್ಟರ್ ಆದಮೇಲೆ ಆ ಮನೆಯಲ್ಲಿ ಒಂದು ಜಗಳವೂ ಆಗಿರಲಿಲ್ಲ.

ಊರಿನಲ್ಲಿ ಅವಳು ಗೌರವಿಸುತ್ತಿದ್ದದ್ದು ಒಬ್ಬರನ್ನೇ, ಎದುರುಮನೆಯ ಹ್ಯೂಬರ್ಟ್ ಥ್ರೇಲ್ ಅವರನ್ನು. ಅವರಿಗೆ ಮಾತ್ರ ಅವಳೂ ದಿನಾ ತಲೆಬಾಗುತ್ತಿದ್ದಳು. ಕೂತರೆ ಬೆನ್ನು ನೆಟ್ಟಗೆ. ಆಕಳಿಕೆ ಇಲ್ಲ, ಸೀನು ಇಲ್ಲ, ಪರರ ಮನೆಯತ್ತ ಇಣುಕಿಲ್ಲ. ಕಳೆದ ನವೆಂಬರಿನಲ್ಲಿ ಪಡ್ಡೆಗಳು ಹಚ್ಚಿದ ರಾಕೆಟ್ ಅವರ ಕಿಟಕಿಯೆದುರೇ ಸಿಡಿದು ಅಂಗಳವೆಲ್ಲ ಬೆಚ್ಚಿಬಿದ್ದಾಗ, ಆ ಮಹಾನುಭಾವ ತಲೆ ಕೂಡ ತಿರುಗಿಸಲಿಲ್ಲ. ಮನುಷ್ಯ ಎಂದರೆ ಹಾಗಿರಬೇಕು.

ಅಂಥವರ ಬಾಯಲ್ಲಿ ಒಂದು ಸುಳ್ಳು ಹೇಳಿಸಬೇಕಾಗಿತ್ತು. ಇಲ್ಲವಾದರೆ ಮನೆ ಹೋಗುತ್ತದೆ. ಡಾರ್ಕಸ್ ಶಾಲು ಹೊದ್ದು ಅಂಗಳ ದಾಟಿದಳು. ಥ್ರೇಲ್ ಅವರ ಕಿಟಕಿಯ ಕುರ್ಚಿ ಅಂದು ಮೊದಲ ಬಾರಿಗೆ ಖಾಲಿಯಿತ್ತು. ಎದ್ದು ಓಡಾಡುತ್ತಿದ್ದಾರೆ, ನಾಳೆ ಸಭಾಮನೆಗೂ ಬರಬಲ್ಲರು ಎಂದು ಅವಳಿಗೆ ಸಮಾಧಾನವಾಯಿತು. ಹಿಂಬಾಗಿಲಿಗೆ ಹೋಗಿ, ಕೆಮ್ಮದೆ, ತಟ್ಟದೆ, ಅಡುಗೆಮನೆಯೊಳಗೆ ನುಗ್ಗಿದಳು. ಆ ಊರಿನಲ್ಲಿ ಯಾರೂ ಮಾಡದ ಕೆಲಸ.

ಹಿರಿಯ ಪಾದ್ರಿ ಥ್ರೇಲ್ ಊಟದ ಮೇಜಿನ ಮೇಲೆ ಅಂಗಾತ ಮಲಗಿದ್ದರು. ಅವರ ಕಿವಿಯಿಂದ ಒಂದು ಹಿಡಿ ಹುಲ್ಲು ಹೊರಗೆ ಜೋತುಬಿದ್ದಿತ್ತು. ಅವರ ಹೆಂಡತಿ ಮುರಿಯಲ್ ಸೂಜಿ ಹಿಡಿದ ಕೈ ಗಾಳಿಯಲ್ಲೇ ನಿಲ್ಲಿಸಿ ಬಿಳಿಚಿಕೊಂಡಳು.

"ಇಲಿ ಕಡೀತು," ಎಂದಳು. "ನಮ್ಮವರನ್ನ ಸ್ಕಾಟ್ಲೆಂಡಿನಲ್ಲಿ ಮಣ್ಣು ಮಾಡಿ ಬಂದು ಮೂರು ವರ್ಷ ಆಯ್ತು ಡಾರ್ಕಸ್. ಈ ಮನೆ ಬಿಟ್ರೆ ನಂಗೆ ಎಲ್ಲೂ ದಿಕ್ಕಿಲ್ಲ. ನಿಮ್ಮ ಯಜಮಾನರು ಬಂದು ಒಂದು ಮಾತು ಹೇಳಿದ್ರೆ ಸಾಕು ಅಂದ ಆ ಪೆಗ್. ನಾನೇ ನಿಮ್ಮನೆಗೆ ಹೊರಟಿದ್ದೆ. ಈ ಊರಲ್ಲಿ ದೊಡ್ಡ ಮನುಷ್ಯ ಅಂದ್ರೆ ಲಯನೆಲ್ ಒಬ್ಬರೇ. ದಿನಾ ಅವರ ಕಿಟಕಿಗೆ ಕೈ ಮುಗೀತೀನಿ."

ಡಾರ್ಕಸ್ ಜೋತುಬಿದ್ದ ಹುಲ್ಲನ್ನು ಕಿವಿಯೊಳಗೆ ತುರುಕಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಇನ್ನೊಂದು ಸೂಜಿಗೆ ದಾರ ಪೋಣಿಸತೊಡಗಿದಳು.

"ಹುಲ್ಲು ತುಂಬಬಾರದಿತ್ತು ಮುರಿಯಲ್. ನಮ್ಮವರು ಆ ಪೆಟುಲಾ ಹಿಂದೆ ಓಡಿಹೋದ ವಾರವೇ ನಾನು ಹತ್ತಿ ತುಂಬಿ, ನಡುವೆ ನುಸಿಗುಳಿಗೆ ಹಾಕಿ ಹೊಲಿದುಬಿಟ್ಟೆ."